ಮರಿ ಉಳಿಸುವುದೇ ಹಂದಿ ಸಾಕಣೆ

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಹೊತ್ತು ನೋಡಿಕೊಂಡು ನಮ್ಮ ತೋಟದವರೆಗೆ ಬಂದಿದ್ದೀರಿ, ತುಂಬಾ ಸಂತೋಷ.

ನಮ್ಮ ಕೊಡಗಿನಲ್ಲಿ ಹಂದಿ ಮಾಂಸಕ್ಕೆ ಗಿರಾಕಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಪಂದಿಕರಿ, ಜೊತೆಗೆ ಅಕ್ಕಿ ಉಂಡೆ ಕಡಂಬುಟ್ಟು ಆಗಲೇಬೇಕು. ಕಷ್ಟ ಇರುವುದು ಮರಿ ಉಳಿಸುವುದರಲ್ಲಿ. ಹಂದಿ ಎಷ್ಟು ಮರಿ ಹಾಕಿತು ಅಂತ ಎಲ್ಲರೂ ಕೇಳುತ್ತಾರೆ. ಎಂಟು ವಾರದ ಮೇಲೆ ಎಷ್ಟು ಉಳಿದವು ಅಂತ ಕೇಳುವವರು ಕಡಿಮೆ.

ನನ್ನ ಮೊದಲ ಹಂದಿ ಹತ್ತು ಮರಿ ಹಾಕಿತ್ತು. ರಾತ್ರಿ ನೋಡಿ, ಖುಷಿಯಿಂದ ಮಲಗಿದೆ. ಬೆಳಿಗ್ಗೆ ಹೋದರೆ ಮೂರು ಮರಿ ಗೋಡೆಯ ಬುಡದಲ್ಲಿ ಅಪ್ಪಚ್ಚಿಯಾಗಿದ್ದವು. ತಾಯಿ ಹಂದಿ ಗೋಡೆಗೆ ಒರಗಿಕೊಂಡೇ ಜಾರಿ ಮಲಗುತ್ತದೆ. ಮೇಲೆ ನೂರೈವತ್ತು ಕೆಜಿ ಭಾರ, ಕೆಳಗೆ ಒಂದೂಕಾಲು ಕೆಜಿಯ ಮರಿ. ತಪ್ಪಿಸಿಕೊಳ್ಳಲು ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಆ ಮೂರನ್ನು ಹೂಳುವಾಗ ಹೊಟ್ಟೆ ಉರಿದುಹೋಯಿತು. ಆ ವಾರವೇ ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಒಂದು ಗೇಣು ಮೇಲೆ, ಸುತ್ತ ಜಿಐ ಪೈಪ್ ಹಾಕಿಸಿದೆ. ಈಗ ತಾಯಿಯ ಬೆನ್ನು ಪೈಪಿಗೆ ತಾಗಿ ನಿಲ್ಲುತ್ತದೆ, ಮರಿ ಅದರಡಿ ನುಸುಳಿಕೊಳ್ಳುತ್ತದೆ.

ಮರಿ ಹಾಕುವ ಹಂದಿಗೆ ಎಂಟಡಿಗೆ ಹತ್ತಡಿ ಜಾಗ ಸಾಕು. ನೆಲ ಸಿಮೆಂಟಿನದೇ ಇರಲಿ, ಆದರೆ ನುಣ್ಣಗೆ ಬೇಡ, ಜಾರುತ್ತದೆ. ನೀರು ನಿಲ್ಲದ ಹಾಗೆ ಮೋರಿ ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಮಳೆ ಹೊಡೆಯುವ ಪಡುವಣ ಬದಿಗೆ ಗೋಣಿ ಪರದೆ ಕಟ್ಟಿ.

ಮರಿಗೆ ಮೊದಲ ದಿನಗಳಲ್ಲಿ 32–34 ಡಿಗ್ರಿ ಬಿಸಿ ಬೇಕು. ತಾಯಿ ಅಷ್ಟು ಸೆಕೆ ತಡೆಯುವುದೇ ಇಲ್ಲ, ಮೇವು ಬಿಟ್ಟುಬಿಡುತ್ತದೆ. ಅದಕ್ಕೇ ಇಡೀ ಶೆಡ್ ಬೆಚ್ಚಗೆ ಮಾಡಬೇಡಿ. ತಾಯಿ ನುಗ್ಗದ ಒಂದು ಮೂಲೆಗೆ ಒಣಹುಲ್ಲು ಹಾಸಿ, ಮೇಲೆ ಬಲ್ಬ್ ತೂಗುಹಾಕಿ. ಥರ್ಮಾಮೀಟರ್ ಬೇಕಿಲ್ಲ, ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿ. ಬಲ್ಬಿನಿಂದ ದೂರ ಚೆಲ್ಲಾಪಿಲ್ಲಿ ಮಲಗಿದ್ದರೆ ಬಿಸಿ ಜಾಸ್ತಿ. ಪಕ್ಕಪಕ್ಕ ಒತ್ತಾಗಿ ಮಲಗಿದ್ದರೆ ಸರಿಯಾಗಿದೆ ಅಂತ ಅರ್ಥ.

ಹುಟ್ಟಿದ ಕೂಡಲೇ ಎಲ್ಲ ಮರಿಗೂ ಗಿಣ್ಣುಹಾಲು ಸಿಗಬೇಕು. ಸಣಕಲು ಮರಿಯನ್ನು ನೀವೇ ಹಿಡಿದು ಮೊಲೆಗೆ ಹಚ್ಚಿ. ಮೂರನೇ ದಿನದ ಹೊತ್ತಿಗೆ ಡಾಕ್ಟರನ್ನು ಕರೆಸಿ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸಿ. ಹಂದಿ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಮಣ್ಣು ಕೆದಕುವ ಮರಿಗೆ ಅಲ್ಲಿಂದ ಒಂದಿಷ್ಟು ಸಿಗುತ್ತದೆ, ಸಿಮೆಂಟಿನ ಮೇಲೆ ಬೆಳೆಯುವ ಮರಿಗೆ ಎಲ್ಲಿಂದ ಸಿಗಬೇಕು? ಬಿಳಿಚಿಕೊಂಡು ಸೊರಗುತ್ತದೆ.

ಇನ್ನು ತಳಿ ವಿಷಯ. ಹೆಣ್ಣು ಮರಿ ಆರೇಳು ತಿಂಗಳಿಗೇ ಬೆದೆಗೆ ಬರಬಹುದು. ಆಗಲೇ ಗಂಡು ಬಿಡಬೇಡಿ. ಎಂಟು ತಿಂಗಳಾಗಲಿ, 90 ಕೆಜಿ ದಾಟಲಿ. ಬೆದೆ 21 ದಿನಕ್ಕೊಮ್ಮೆ ಮತ್ತೆ ಬರುತ್ತದೆ, ಆತುರ ಯಾಕೆ? ಬೆದೆಗೆ ಬಂದ ಹಂದಿಯ ಸೊಂಟದ ಮೇಲೆ ಎರಡೂ ಕೈ ಊರಿ ಒತ್ತಿ ನೋಡಿ. ಕಿವಿ ನಿಮಿರಿಸಿ ಕಲ್ಲಿನ ಹಾಗೆ ನಿಂತರೆ ಅದೇ ಸಮಯ. ಹನ್ನೆರಡಾದರೂ ಒಳ್ಳೆ ಮೊಲೆ ಇರುವ ಹೆಣ್ಣನ್ನೇ ಉಳಿಸಿಕೊಳ್ಳಿ. ಅದರ ಅಪ್ಪನನ್ನೇ ಅದಕ್ಕೆ ಬಿಡಬೇಡಿ. ನಮ್ಮಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಪಕ್ಕದ ಊರಿನವರ ಜೊತೆ ಗಂಡು ಹಂದಿ ಬದಲಾಯಿಸಿಕೊಳ್ಳಿ, ಆದರೆ ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಂಡು.

ಗಬ್ಬ 114 ದಿನ. ಮಾರ್ಚ್ 1ಕ್ಕೆ ಗಂಡು ಬಿಟ್ಟರೆ ಜೂನ್ 23ಕ್ಕೆ ಮರಿ, ನಮ್ಮ ಜಡಿಮಳೆಗೆ ಸರಿಯಾಗಿ! ಆಗಸ್ಟ್ 15ಕ್ಕೆ ಬಿಟ್ಟರೆ ಡಿಸೆಂಬರ್ 7ರ ಸುಮಾರಿಗೆ ಮರಿ. ಆಗ ರಾತ್ರಿ ಚಳಿ ಇದ್ದರೂ ನೆಲ ಒಣಗಿರುತ್ತದೆ. ಚೆನ್ನಾಗಿ ತಿನ್ನಿಸಿದರೆ ಮುಂದಿನ ಕೈಲ್‌ಪೊಳ್ದ್‌ಗೆ ಮಾರಾಟಕ್ಕೂ ಸಿದ್ಧ.

ಹೋಟೆಲಿನ ಮುಸುರೆ ತರುವವರು ಅರ್ಧ ಗಂಟೆ ಕುದಿಸದೆ ಹಾಕಲೇಬೇಡಿ. 2020ರಲ್ಲಿ ಅಸ್ಸಾಂ ಕಡೆ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಮುಸುರೆಯಿಂದಲೂ ಬರಬಹುದು, ಅದಕ್ಕೆ ಔಷಧಿ ಇಲ್ಲ. ಬಂದರೆ ಗೂಡಿಗೆ ಗೂಡೇ ಖಾಲಿ.

ಈಗ ಹಿತ್ತಲಿಗೆ ಬನ್ನಿ, ಪೈಪ್ ಹೇಗೆ ಕೂರಿಸಿದ್ದೇನೆ ಅಂತ ತೋರಿಸುತ್ತೇನೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಅಲ್ಲಿಟ್ಟಿರುವ ಬೂಟು ಹಾಕಿಕೊಳ್ಳಿ. ಒಳಗೆ ನಾಲ್ಕು ದಿನದ ಮರಿಗಳಿವೆ.