ಹಂಬಲದ ಹಾಡಿಗೆ ಯಾಕಿಷ್ಟು ಅವಸರ?

ಕೇಳುಗರಿಗೆಲ್ಲ ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ಸಹೋದರರೊಬ್ಬರು ಬರೆದಿದ್ದಾರೆ: "ಹಾಡು ಮುಗಿಯುವುದರೊಳಗೆ ದೇವರ ಪ್ರಸನ್ನತೆ (ಸಾನ್ನಿಧ್ಯ) ಇಳಿದು ಬಾರದಿದ್ದರೆ ಅದು ಆರಾಧನೆಯೇ ಅಲ್ಲ." ಮುಗಿಯುವುದರೊಳಗೆ! ದೇವರಿಗೆ ಐದು ನಿಮಿಷಗಳ ಗಡುವು ವಿಧಿಸಲು ನಾವು ಯಾರು, ಸ್ವಾಮಿ?

ದೇವರಿಗಾಗಿ ಹಂಬಲಿಸುವ ಹಾಡು ಹಂಬಲವಾಗಿಯೇ ಉಳಿಯಬೇಕೆಂಬುದು ನನ್ನ ವಾದ. ಬೈಬಲಿನ 42ನೆಯ ಕೀರ್ತನೆಯನ್ನು ತೆರೆದು ನೋಡಿ. ಬಾಯಾರಿದ ಜಿಂಕೆಯಿಂದ ಆರಂಭವಾಗುವ ಆ ಹಾಡಿನಲ್ಲಿ, ನಿನ್ನ ದೇವರೆಲ್ಲಿ ಎಂದು ಹಂಗಿಸುವವರ ನಡುವೆ ಕಣ್ಣೀರನ್ನೇ ಆಹಾರವಾಗಿ ಉಣ್ಣುವ ಮನುಷ್ಯನೊಬ್ಬ, ಹಿಂದೆ ಜನಸಮೂಹದೊಡನೆ ದೇವಾಲಯಕ್ಕೆ ಹೋಗುತ್ತಿದ್ದುದನ್ನು ನೆನೆದು ಕೊರಗುತ್ತಾನೆ. ಯಾಕೆ ಕುಗ್ಗಿಹೋಗಿರುವೆ ಎಂದು ತನ್ನ ಮನಸ್ಸನ್ನೇ ಕೇಳುವ ಪಲ್ಲವಿ 42 ಮತ್ತು 43ನೆಯ ಕೀರ್ತನೆಗಳಲ್ಲಿ ಒಟ್ಟು ಮೂರು ಸಲ ಬರುತ್ತದೆ; ಮೂರನೆಯ ಸಲವೂ ಆತ ದೇವರನ್ನು ಮುಂದೆ ಸ್ತುತಿಸುವೆನೆನ್ನುತ್ತಾನೆಯೇ ಹೊರತು ದೇವರು ಬಂದಾಯಿತೆನ್ನುವುದಿಲ್ಲ. 42ರಂತೆಯೇ ಕೋರಹೀಯರೆಂಬ ದೇವಾಲಯದ ಗಾಯಕರ ಹೆಸರಿನಲ್ಲಿರುವ 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ನಮ್ಮ ಗಾಯನತಂಡಗಳ ಕೈಗೆ ಸಿಕ್ಕಿದ್ದರೆ ಅದರ ಕೊನೆಗೊಂದು ಹಲ್ಲೆಲೂಯ ಅಂಟಿಸದೆ ಬಿಡುತ್ತಿರಲಿಲ್ಲ.

ಕಾಸರಗೋಡಿನ ನಾವು ಕನ್ನಡ, ಮಲಯಾಳ, ಕೊಂಕಣಿ, ತುಳು ಎಂದು ನಾಲ್ಕು ಭಾಷೆಗಳಲ್ಲಿ ಭಕ್ತಿಗೀತೆ ಕೇಳಿ ಬೆಳೆದವರು. ಈಗ ನಾಲ್ಕರಲ್ಲೂ ಒಂದೇ ಅವಸರ: ಮೊದಲ ಚರಣದಲ್ಲಿ ದೇವರೇ ಬಾ, ಎರಡನೆಯದರಲ್ಲಿ ಡ್ರಮ್ಸ್, ಮೂರನೆಯದರಲ್ಲಿ ಬಂದೇಬಿಟ್ಟ!

150ನೆಯ ಕೀರ್ತನೆಯಲ್ಲಿ ತಾಳ, ತುತೂರಿಗಳಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇವೆ ಮಹಾರಾಯರೇ, ಆದರೆ ಅಲ್ಲಿಗೆ ತಲುಪುವ ಮುನ್ನ 149 ಕೀರ್ತನೆಗಳಿವೆ. ಕಣ್ಣೀರು ಬಂತು, ಅದೇ ಸಾಕ್ಷಿ ಎನ್ನುವವರಿಗೆ ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನನ ಮಾತು ನೆನಪಿಸುತ್ತೇನೆ. ಚರ್ಚಿನ ಹಾಡು ಕೇಳಿ ಅತ್ತವನೇ ಆತ. ಆದರೂ ಹಾಡಿದ ವಿಷಯಕ್ಕಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಕಲಕಿದರೆ ಅದು ಪಾಪವೆಂದು ತನ್ನ 'ಆತ್ಮನಿವೇದನೆ' ಗ್ರಂಥದಲ್ಲಿ ಬರೆದ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ನನಗೂ ಅಳು ಬರುತ್ತದೆ.

ಇನ್ನು ಸಮರ್ಪಣೆಯ ವಿಚಾರ. ಗೆತ್ಸೇಮನೆಯ ತೋಟದಲ್ಲಿ ಯೇಸು, ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿಕೊಂಡು, ಬಳಿಕ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಟ್ಟನು. ಮತ್ತಾಯನ ಸುವಾರ್ತೆಯ ಪ್ರಕಾರ ಮೂರು ಬಾರಿ ಪ್ರಾರ್ಥಿಸಿದನು. ಅವನಿಗೇ ಅಷ್ಟು ಹೊತ್ತು ಹಿಡಿಯಿತು! ನಮ್ಮಲ್ಲಿ ಪಲ್ಲವಿಯಲ್ಲೇ ಸರ್ವಸ್ವವನ್ನೂ ಅರ್ಪಿಸಿದ ಸಹೋದರರು ಮೈಕನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ.

ಯುವಕರಿಗೆ ಇದೆಲ್ಲ ಬೇಸರವಂತೆ. ಬೇಸರವಾಗಲಿ! ಹಂಬಲ ಹಂಬಲವಾಗಿಯೇ ಇರಲಿ. ಇರಲಿ ಎಂದರೆ ಇರಲಿ, ಕಾರಣ ಇನ್ನೆಷ್ಟು ಕೊಡಲಿ? ಮುಂದಿನ ಸಂಚಿಕೆಯಲ್ಲಿ 88ನೆಯ ಕೀರ್ತನೆಯನ್ನು ಪೂರ್ತಿಯಾಗಿ, ವಾದ್ಯವಿಲ್ಲದೆ, ಹಲ್ಲೆಲೂಯವೂ ಇಲ್ಲದೆ ಓದಲಿದ್ದೇನೆ. ಬೈಯುವವರು ಧಾರಾಳವಾಗಿ ಬೈಯಬಹುದು, ಚಾನೆಲ್ ಸಬ್‌ಸ್ಕ್ರೈಬ್ ಮಾಡಿದ ಮೇಲೆ.