ಯಾರು ಬಂದರೂ ಅಷ್ಟೇ ಎನ್ನುವವರ ಹತ್ತಿರ ಒಂದು ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

"ಯಾರು ಬಂದರೂ ಅಷ್ಟೇ ಮಾರಾಯ್ರೇ, ನಮಗೆಂತ ಆಗ್ಲಿಕ್ಕುಂಟು?" ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ, ಮಲ್ಪೆಯ ಮೀನಿನ ದಕ್ಕೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಚುನಾವಣೆಯ ಸುದ್ದಿ ಎತ್ತಿದರೂ ಕೊನೆಗೆ ಮಾತು ಬಂದು ನಿಲ್ಲುವುದು ಇಲ್ಲಿಗೇ. ಹಾಗೆ ಹೇಳುವವರೆಲ್ಲ ಸೋಮಾರಿಗಳಾಗಿದ್ದರೆ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಇವರು ದಿನಾ ಪೇಪರ್ ಓದುವವರು. ಬೆಳಿಗ್ಗೆ ಏಳು ಗಂಟೆಗೇ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವರು. ಈಗ ಸಾಕಾಗಿ ಹೋಗಿದೆ ಅನ್ನುತ್ತಾರೆ. ಇವತ್ತಿನ ನನ್ನ ಮಾತು ಅವರ ಹತ್ತಿರವೇ.

ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಒಂದು ಚಿಹ್ನೆಯ ಮೇಲೆ ಗೆದ್ದವರು ರಾಜೀನಾಮೆ ಕೊಟ್ಟರು, ಹೊರರಾಜ್ಯದ ಹೋಟೆಲಿನಲ್ಲಿ ಹೋಗಿ ಕೂತರು, ಸರಕಾರ ಬಿತ್ತು, 17 ಶಾಸಕರು ಅನರ್ಹರಾದರು, ಅದೇ ಡಿಸೆಂಬರಿನಲ್ಲಿ ಉಪಚುನಾವಣೆ ಬಂದಾಗ ಅವರಲ್ಲಿ ಹೆಚ್ಚಿನವರು ಇನ್ನೊಂದು ಚಿಹ್ನೆಯ ಮೇಲೆ ನಿಂತು ಗೆದ್ದರು, ಕೆಲವರು ಮಂತ್ರಿಗಳೂ ಆದರು. ಪಕ್ಷಾಂತರ ತಡೆಯುವ ಕಾನೂನು 1985ರಿಂದಲೇ ಇದೆ. ಇದ್ದರೂ ಇದಾಯಿತು. ಯಾವ ಪಕ್ಷ ಯಾರನ್ನು ಎಳೆಯಿತು ಅನ್ನುವುದು ನನ್ನ ವಿಷಯ ಅಲ್ಲ, ಬೇರೆ ರಾಜ್ಯಗಳಲ್ಲಿ ಬೇರೆ ಪಕ್ಷಗಳೂ ಇದನ್ನೇ ಮಾಡಿವೆ. ಆದರೆ ಬಿಸಿಲಿನಲ್ಲಿ ನಿಂತು ಓಟು ಹಾಕಿದ ಮನುಷ್ಯನಿಗೆ ನನ್ನ ಓಟನ್ನು ಮಾರಿಬಿಟ್ಟರು ಅಂತ ಅನಿಸಿದರೆ ಅವನದ್ದು ತಪ್ಪು ಅಂತ ನಾನು ಹೇಳಲಾರೆ.

ಹಾಗಾದರೆ ಮನೆಯಲ್ಲಿ ಕೂತರೆ ಏನಾಗುತ್ತದೆ? ಇದನ್ನು ನಾನು ಮೇಜಿನ ಆ ಕಡೆಯಿಂದ ಹೇಳಬಲ್ಲೆ. ಹೈಸ್ಕೂಲ್ ಮಾಸ್ತರಿಕೆಯ ಜೊತೆಗೆ ಎಲೆಕ್ಷನ್ ಡ್ಯೂಟಿಯೂ ಬರುತ್ತದಲ್ಲ, ಅದನ್ನು ನಾನು ತುಂಬ ಸಲ ಮಾಡಿದ್ದೇನೆ. ಹಿಂದಿನ ದಿನ ಮಸ್ಟರಿಂಗ್ ಸೆಂಟರಿನಲ್ಲಿ ಯಂತ್ರ, ಸಾಮಾನು ಎಲ್ಲ ಎಣಿಸಿ ತೆಗೆದುಕೊಂಡು, ರಾತ್ರಿ ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಗಾಗುವ ಮೊದಲೇ ಎದ್ದು ಅಭ್ಯರ್ಥಿಗಳ ಏಜೆಂಟರ ಎದುರು ಅಣಕು ಮತದಾನ ಮಾಡಿ ತೋರಿಸಬೇಕು. ಕಡಿಮೆ ಅಂದರೆ 50 ಓಟು. ಅದನ್ನು ಎಣಿಸಿ, ಅಳಿಸಿ, ಯಂತ್ರ ಖಾಲಿ ಇದೆ ಅಂತ ತೋರಿಸಿ, ಸೀಲ್ ಹಾಕಿ, ಆಮೇಲೆ ಬಾಗಿಲು ತೆರೆಯುವುದು. ಸಂಜೆ ಮುಚ್ಚುವ ಹೊತ್ತಿಗೆ ಹೊರಗೆ ಇನ್ನೂ ಸಾಲು ಇದ್ದರೆ ಸಾಲಿನ ಕಟ್ಟಕಡೆಯವರಿಂದ ಶುರು ಮಾಡಿ ಮುಂದಿನವರ ಕಡೆಗೆ ಚೀಟಿ ಕೊಡುತ್ತಾ ಬರಬೇಕು. ಆಮೇಲೆ ಓಡಿ ಬಂದವರು ಹಿಂದೆ ಸೇರಿಕೊಳ್ಳಬಾರದು, ಸಮಯಕ್ಕೆ ಬಂದ ಒಬ್ಬರೂ ಓಟು ಹಾಕದೆ ವಾಪಸ್ ಹೋಗಬಾರದು, ಅದಕ್ಕೆ. ಒಂದೊಂದು ಓಟಿಗೆ ಇಷ್ಟು ಜಾಗ್ರತೆ.

ಎಲ್ಲ ಮುಗಿದ ಮೇಲೆ ಒಂದು ಕಾಗದ ತುಂಬಿಸಬೇಕು. 17ಸಿ ಅಂತ ಅದರ ಹೆಸರು. ಮತಗಟ್ಟೆಗೆ ಒಟ್ಟು ಎಷ್ಟು ಮತದಾರರು, ರಿಜಿಸ್ಟರಿನಲ್ಲಿ ಎಷ್ಟು ಜನ ಸಹಿ ಮಾಡಿದರು, ಯಂತ್ರದಲ್ಲಿ ಎಷ್ಟು ಓಟು ಬಿತ್ತು, ಎಲ್ಲ ಬರೆದು ಅದರ ಪ್ರತಿಯನ್ನು ಏಜೆಂಟರಿಗೆ ಕೊಡಬೇಕು. ಆ ಕಾಗದದಲ್ಲಿ ಇನ್ನೊಂದು ಸಾಲು ಉಂಟು. ಮತಗಟ್ಟೆಯವರೆಗೆ ಬಂದು, ರಿಜಿಸ್ಟರಿನಲ್ಲಿ ಹೆಸರು ಹತ್ತಿಸಿದ ಮೇಲೆ "ನಾನು ಓಟು ಹಾಕುವುದಿಲ್ಲ" ಅಂತ ಹೇಳಿದವರು ಎಷ್ಟು ಜನ ಅನ್ನುವ ಲೆಕ್ಕ. ಅಂಥವರಿಗೂ ಒಂದು ಸಾಲು ಇದೆ ನೋಡಿ! ಸಿಟ್ಟಿನಿಂದ ಮನೆಯಲ್ಲೇ ಕೂತವರಿಗೆ ಮಾತ್ರ ಇಲ್ಲ. ಬಾರದವರೆಲ್ಲ ಒಂದೇ ಲೆಕ್ಕ. ದುಬೈಯಿಂದ ರಜೆ ಸಿಗದವರು, ಆಸ್ಪತ್ರೆಯಲ್ಲಿ ಮಲಗಿದವರು, ತೀರಿಹೋಗಿದ್ದರೂ ಪಟ್ಟಿಯಿಂದ ಹೆಸರು ತೆಗೆಯದೆ ಉಳಿದವರು, ವ್ಯವಸ್ಥೆಯ ಮೇಲೆ ಬೇಸರಗೊಂಡು ಬಾರದ ನೀವು, ಎಲ್ಲರೂ ಒಟ್ಟಿಗೆ. ನಿಮ್ಮ ಸಿಟ್ಟನ್ನು ಬೇರೆ ಮಾಡಿ ಓದುವವರು ಯಾರೂ ಇಲ್ಲ.

ಅದಕ್ಕೇ ನೋಟಾ, ಅಂದರೆ ಇವರಲ್ಲಿ ಯಾರೂ ಬೇಡ ಅನ್ನುವ ಗುಂಡಿ, ಇದೆಯಲ್ಲ ಅಂತೀರಿ. ಇದೆ. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಬಂತು. ನನಗೆ ಅದರ ಮೇಲೆ ಗೌರವ ಉಂಟು, ಯಾಕೆಂದರೆ ಕಡೇಪಕ್ಷ ಅದು ಫಲಿತಾಂಶದ ಪಟ್ಟಿಯಲ್ಲಿ ಕಾಣುತ್ತದೆ. ಆದರೆ ಅದರ ಮಿತಿಯೂ ಗೊತ್ತಿರಲಿ. 2024ರ ಲೋಕಸಭಾ ಚುನಾವಣೆಯಲ್ಲಿ ಇಂದೋರಿನಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ನೋಟಾ ಬಿತ್ತು. ಗೆದ್ದವರ ಗೆಲುವಿಗೆ ಅದರಿಂದ ಏನೂ ಆಗಲಿಲ್ಲ. ನೋಟಾ ಎಲ್ಲರಿಗಿಂತ ಜಾಸ್ತಿ ಬಂದರೂ ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಅದರ ನಂತರ ಹೆಚ್ಚು ಓಟು ಪಡೆದವರೇ ಗೆದ್ದ ಹಾಗೆ.

ಇನ್ನು ನಮ್ಮ ಕಡೆಯ ಇನ್ನೊಂದು ದಾರಿ, ಬಹಿಷ್ಕಾರದ ಬ್ಯಾನರ್. ಸುಳ್ಯ, ಬೆಳ್ತಂಗಡಿ ಕಡೆಯ ಒಳಗಿನ ಊರುಗಳಲ್ಲಿ ಚುನಾವಣೆ ಹತ್ತಿರ ಬಂದಾಗ ನೀವೂ ನೋಡಿರುತ್ತೀರಿ. ರಸ್ತೆ ಇಲ್ಲದಿದ್ದರೆ ಓಟಿಲ್ಲ, ಸೇತುವೆ ಇಲ್ಲದಿದ್ದರೆ ಓಟಿಲ್ಲ. ಬ್ಯಾನರ್ ಕಟ್ಟಿದ ಮೇಲೆ ವರ್ಷಗಟ್ಟಲೆ ಆ ಕಡೆ ಮುಖ ಹಾಕದವರೂ ಬರುತ್ತಾರೆ, ಅಧಿಕಾರಿಗಳು ಬಂದು ಕೂತು ಮಾತಾಡುತ್ತಾರೆ. ಯಾಕೆ ಬರುತ್ತಾರೆ ಹೇಳಿ? ಆ ಊರಿನವರ ಕೈಯಲ್ಲಿ ಓಟು ಇನ್ನೂ ಇದೆ ಅನ್ನುವ ಕಾರಣಕ್ಕೆ. ಮತದಾನದ ಮರುದಿನ ಅದೇ ಬ್ಯಾನರನ್ನು ತಿರುಗಿ ನೋಡುವವರಿಲ್ಲ. ಬ್ಯಾನರ್ ಕಟ್ಟಿದವರನ್ನು ನಾನು ದೂರುವುದಿಲ್ಲ, ಅವರು ಒಟ್ಟಾಗಿ ಕೇಳಿದ್ದಾರೆ, ಅದು ದೊಡ್ಡದು. ಪೇಟೆಯಲ್ಲಿ ಒಬ್ಬೊಬ್ಬರೇ ಮನೆಯಲ್ಲಿ ಕೂರುವ ನಾವು ಅಷ್ಟನ್ನೂ ಮಾಡುವುದಿಲ್ಲ. ಬೆಳ್ತಂಗಡಿ ತಾಲೂಕಿನ ನೆರಿಯ ಗ್ರಾಮದಲ್ಲಿ ಬಾಂಜಾರು ಮಲೆ ಅಂತ ಒಂದು ಜಾಗ ಇದೆ. ಚಾರ್ಮಾಡಿ ಘಾಟಿಯ ಕಾಡಿನೊಳಗೆ. 2024ರಲ್ಲಿ ಅಲ್ಲಿನ 111 ಮತದಾರರಲ್ಲಿ 111 ಜನವೂ ಬಂದು ಓಟು ಹಾಕಿದರು. ಅಂಥ ದೂರದ ಊರಿಗೆ ಸರಕಾರದಿಂದ ಸಿಕ್ಕಿದ್ದು ಕಡಿಮೆ. ನಿರಾಸೆ ಪಡಲಿಕ್ಕೆ ನಮಗಿಂತ ಅವರಿಗೇ ಕಾರಣ ಜಾಸ್ತಿ.

ಓಟಿನಿಂದ ಯಾವತ್ತಾದರೂ ಏನಾದರೂ ಆಗಿದೆಯಾ ಅಂತ ಕೇಳುವವರಿಗೆ ನಾನು ನಮ್ಮದೇ ಜಿಲ್ಲೆಯ ಭೂಮಿಯ ಕತೆ ಹೇಳುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಅವಿಭಜಿತ ದಕ್ಷಿಣ ಕನ್ನಡ ಅಂದರೆ ಗೇಣಿಯ ಊರು. ಗದ್ದೆ ಮಾಡುವವನು ಒಬ್ಬ, ಧಣಿ ಇನ್ನೊಬ್ಬ. ಕೊಯ್ಲು ಆದ ಮೇಲೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಹೊತ್ತುಕೊಂಡು ಹೋಗಿ ಧಣಿಗಳ ಅಂಗಳದಲ್ಲಿ ಇಳಿಸಬೇಕು. ಮಳೆ ಕೈಕೊಟ್ಟ ವರ್ಷವೂ ಗೇಣಿ ಗೇಣಿಯೇ. ಚಾಲಗೇಣಿಯ, ಅಂದರೆ ಕಾಯಂ ಹಕ್ಕಿಲ್ಲದ ಗೇಣಿಯ, ಒಕ್ಕಲನ್ನು ಧಣಿಗೆ ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ ಓಟು, ಅಂದರೆ ಧಣಿಗೆ ಇತ್ತು, ಹೆಚ್ಚಿನ ಒಕ್ಕಲುಗಳಿಗೆ ಇರಲಿಲ್ಲ. ಮೊದಲ ಮಹಾಚುನಾವಣೆ ಬಂದಾಗ ನಮ್ಮ ಜಿಲ್ಲೆ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಆವತ್ತು ಮುಡಿ ಹೊತ್ತವನೂ ಮುಡಿ ಎಣಿಸಿಕೊಂಡವನೂ ಒಂದೇ ಸಾಲಿನಲ್ಲಿ ನಿಂತು ಒಂದೊಂದೇ ಓಟು ಹಾಕಿದರು.

ಆದರೆ ಗೇಣಿ ಮರುದಿನ ಹೋಗಲಿಲ್ಲ. 1957 ಬಂತು, 62 ಬಂತು, 67 ಬಂತು. ಗೇಣಿ ಇನ್ನೂ ಇತ್ತು. ಆ ಹೊತ್ತಿಗೆ ಎಷ್ಟೋ ಒಕ್ಕಲುಗಳು ಯಾರು ಬಂದರೂ ಅಷ್ಟೇ ಅಂದಿರಬೇಕು, ಅಂದರೂ ಹೋಗಿ ಓಟು ಹಾಕಿದರು, ಆ ಓಟಿನ ಸಂಖ್ಯೆ ದೊಡ್ಡದು ಅಂತ ರಾಜಕಾರಣಕ್ಕೆ ಅರ್ಥ ಆಗುವವರೆಗೂ ಹಾಕಿದರು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. 1974ರ ಮಾರ್ಚ್ 1ಕ್ಕೆ ತಿದ್ದುಪಡಿಯಾದ ಭೂಸುಧಾರಣಾ ಕಾನೂನು ಜಾರಿಗೆ ಬಂತು. ಸುರತ್ಕಲ್ಲಿನ ಶಾಸಕರಾಗಿದ್ದ ಬಿ. ಸುಬ್ಬಯ್ಯ ಶೆಟ್ಟರು ಆ ಸರಕಾರದಲ್ಲಿ ಭೂಸುಧಾರಣೆಯ ಮಂತ್ರಿಯಾಗಿದ್ದರು. ಉಳುವವನೇ ಹೊಲದೊಡೆಯ ಅನ್ನುವುದು ಘೋಷಣೆಯಿಂದ ಕೆಳಗಿಳಿದು ಭೂನ್ಯಾಯ ಮಂಡಳಿಯ, ಅಂದರೆ ಟ್ರಿಬ್ಯುನಲ್ಲಿನ, ಆದೇಶವಾಯಿತು. ಈಗಲೂ ನಮ್ಮ ಹಳ್ಳಿಗಳಲ್ಲಿ ಹಿರಿಯರು "ಇದು ಡಿಕ್ಲರೇಶನಿನಲ್ಲಿ ಬಂದ ಜಾಗ" ಅನ್ನುತ್ತಾರಲ್ಲ, ಅದು ಇದೇ. ಸಣ್ಣ ಹಿಡುವಳಿಯ ಕೆಲವು ಧಣಿಗಳು, ಗೇಣಿ ಬಿಟ್ಟರೆ ಬೇರೆ ಆದಾಯ ಇಲ್ಲದ ಹೆಂಗಸರು ಭೂಮಿ ಕಳೆದುಕೊಂಡು ಕಷ್ಟಪಟ್ಟರು, ಆ ನೋವೂ ನಿಜ. ಆದರೆ ಸಾವಿರಾರು ಮನೆಗಳಲ್ಲಿ ಮಕ್ಕಳು ಕಾಲೇಜಿಗೆ ಹೋದದ್ದು, ಬೊಂಬಾಯಿಗೆ, ಗಲ್ಫಿಗೆ ಹೊರಟವರಿಗೆ ಹಿಂದೆ ಒಂದು ಸ್ವಂತ ನೆಲ ಇದ್ದದ್ದು ಆ ಕಾನೂನಿನಿಂದ. ಮೊದಲ ಓಟಿನಿಂದ ಅಲ್ಲಿಯವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ. ಅಷ್ಟು ವರ್ಷ ಕಾಯಬೇಕಾಗಿ ಬಂದದ್ದು ಅನ್ಯಾಯ. ಆದರೆ ಅವರು 62ರಲ್ಲೇ ಸಾಕು ಅಂತ ಬಿಟ್ಟಿದ್ದರೆ ನಮ್ಮಲ್ಲಿ ಎಷ್ಟೋ ಜನ ಇವತ್ತಿಗೂ ಮುಡಿ ಹೊರುತ್ತಿದ್ದೆವು.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದ ವಿಷಯಕ್ಕೆ ಬರುತ್ತೇನೆ. ನಮ್ಮ ನಿರಾಸೆ ಎಲ್ಲ ದೆಹಲಿಯ ಮೇಲೆ, ಬೆಂಗಳೂರಿನ ಮೇಲೆ. ಓಟಿನ ಉತ್ಸಾಹವೂ ಅಲ್ಲಿಗೇ. 2024ರಲ್ಲಿ ದಕ್ಷಿಣ ಕನ್ನಡದಲ್ಲೂ ಉಡುಪಿ-ಚಿಕ್ಕಮಗಳೂರಿನಲ್ಲೂ ಶೇಕಡಾ 77ರಷ್ಟು ಓಟು ಬಿತ್ತು. ಬೆಂಗಳೂರು ದಕ್ಷಿಣದಲ್ಲಿ 53ರ ಆಸುಪಾಸು. ನಮಗೆ ಹೆಮ್ಮೆಯೇ. ಆದರೆ 2019ರ ನವೆಂಬರಿನಲ್ಲಿ ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳಿಗೆ ಚುನಾವಣೆ ಆದಾಗ ಓಟು ಹಾಕಿದವರು ಶೇಕಡಾ 60ರ ಹತ್ತಿರ. ಇಡೀ ಜಿಲ್ಲೆಯ ಲೆಕ್ಕವನ್ನು ಪೇಟೆಯ ಲೆಕ್ಕದ ಪಕ್ಕ ಇಡುವುದು ಪೂರ್ತಿ ಸರಿಯಲ್ಲ, ಪೇಟೆಯಲ್ಲಿ ಯಾವಾಗಲೂ ಸ್ವಲ್ಪ ಕಡಿಮೆಯೇ. ಆದರೂ ಮನೆಯ ನಲ್ಲಿ, ಗೇಟಿನ ಎದುರಿನ ಚರಂಡಿ, ಬೀದಿ ದೀಪ, ಕಸದ ಗಾಡಿ, ಇವೆಲ್ಲ ಇರುವುದು ಪಾಲಿಕೆಯ ಕೈಯಲ್ಲಿ ಅಲ್ವಾ? ಒಂದು ಓಟಿಗೆ ತೂಕ ಜಾಸ್ತಿ ಇರುವುದೂ ಅಲ್ಲೇ. ವಿಧಾನಸಭೆಯಲ್ಲೇ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಓಟಿನಿಂದ ಗೆಲುವಾಗಿದೆ, 2023ರಲ್ಲಿ ಜಯನಗರದಲ್ಲಿ 16 ಓಟಿನಿಂದ. ಹಾಗಿರುವಾಗ ಕೆಲವೇ ಸಾವಿರ ಜನರ ವಾರ್ಡಿನಲ್ಲಿ, ಕೆಲವೇ ನೂರು ಮನೆಗಳ ಪಂಚಾಯತ್ ವಾರ್ಡಿನಲ್ಲಿ ಒಂದು ಓಣಿಯ ಜನ ಒಟ್ಟಾದರೆ ಸಾಕು.

ಓಟು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನಾವು ಕಣ್ಣಾರೆ ನೋಡಿದ್ದೇವೆ. 2019ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದಿತ್ತು. ಚುನಾವಣೆ ಆದದ್ದು ನವೆಂಬರಿನಲ್ಲಿ. ನಡುವೆ ಕಾರ್ಪೊರೇಟರುಗಳೇ ಇಲ್ಲ. ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ರೇಷನಿಂಗ್ ಆಯಿತು. ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜರಿದು ಮಂದಾರ ಅನ್ನುವ ಜಾಗದ ತೋಟ, ಮನೆಗಳ ಮೇಲೆ ಹೋಯಿತು. ಕಾರ್ಪೊರೇಟರ್ ಇದ್ದಿದ್ದರೆ ಮಳೆ ಬರುತ್ತಿತ್ತು, ಕಸ ಜರಿಯುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆ ಕಸ ರಾಶಿ ಬಿದ್ದದ್ದೇ ಗೆದ್ದವರ ಕಾಲದಲ್ಲಿ. ಆದರೆ ನಲ್ಲಿಯಲ್ಲಿ ನೀರಿಲ್ಲ ಅಂತ ರಾತ್ರಿ ಹತ್ತಕ್ಕೆ ಯಾರ ಮನೆ ಬಾಗಿಲು ಬಡಿಯುವುದು? ಆಗ ಪಾಲಿಕೆ ನೋಡಿಕೊಳ್ಳುವ ಆಡಳಿತಾಧಿಕಾರಿಗೆ ನಮ್ಮ ವಾರ್ಡಿನ ಓಟು ಬೇಕಾಗಿಲ್ಲ.

2025ರ ಆರಂಭದಲ್ಲಿ ಪಾಲಿಕೆಯ ಅವಧಿ ಮತ್ತೆ ಮುಗಿಯಿತು, ಚುನಾವಣೆ ಮತ್ತೆ ಸಮಯಕ್ಕೆ ಆಗಲಿಲ್ಲ. ಜಿಲ್ಲಾ, ತಾಲೂಕು ಪಂಚಾಯತ್ ಅಂತೂ ಕೇಳುವುದೇ ಬೇಡ. 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಹೋದವು. ಸರಕಾರ ಬದಲಾದರೂ ಇದು ಬದಲಾಗಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ಓಟಿಗೆ ಬೆಲೆ ಇಲ್ಲ ಅಂತಾದರೆ ಆ ಚುನಾವಣೆ ಮಾಡಲಿಕ್ಕೆ ಇಷ್ಟು ಹಿಂದೆ ಮುಂದೆ ನೋಡುವುದು ಯಾಕೆ? ನನ್ನ ಸಿಟ್ಟು ಇರುವುದು ಇಲ್ಲಿ. ನಮ್ಮಿಂದ ಒಂದು ಓಟನ್ನು ವರ್ಷಗಟ್ಟಲೆ ಕಿತ್ತುಕೊಂಡಿದ್ದಾರೆ, ನಾವು ಅದನ್ನು ಕೇಳಲೂ ಇಲ್ಲ.

ಹಾಗಾಗಿ ದಣಿದವರ ಹತ್ತಿರ ನನ್ನದೊಂದು ಬೇಡಿಕೆ. ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ನೋಡಿಕೊಳ್ಳಿ. ಚುನಾವಣೆಯ ದಿನ ಹೋಗಿ ಹೆಸರಿಲ್ಲ ಅಂತ ಜಗಳ ಮಾಡಿದರೆ ಮತಗಟ್ಟೆಯವರು ಏನೂ ಮಾಡುವ ಹಾಗಿಲ್ಲ, ಆ ಮೇಜಿನಲ್ಲಿ ಕೂತು ಎಷ್ಟೋ ಜನರನ್ನು ಬೇಜಾರಿನಿಂದ ವಾಪಸ್ ಕಳಿಸಿದ್ದೇನೆ. ಹೊಸಬರಿಗೆ ಫಾರ್ಮ್ 6, ಮನೆ ಬದಲಿಸಿದವರಿಗೆ ಫಾರ್ಮ್ 8. ಸಂಶಯ ಇದ್ದರೆ 1950ಕ್ಕೆ ಫೋನ್ ಮಾಡಿ. ಹದಿನೆಂಟು ತುಂಬಿದ ಮಕ್ಕಳು ಮುಂದಿನ ಜನವರಿಯವರೆಗೆ ಕಾಯಬೇಕಾಗಿಲ್ಲ, ಈಗ ವರ್ಷಕ್ಕೆ ನಾಲ್ಕು ತಾರೀಕು ಇವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು. ಪಾಲಿಕೆ, ಪಂಚಾಯತ್ ಚುನಾವಣೆಗೂ ವಿಧಾನಸಭೆಯ ಈ ಪಟ್ಟಿಯನ್ನೇ ಆಧಾರ ಮಾಡಿಕೊಳ್ಳುವುದು.

ಮುಂದಿನ ಸಲ ಯಾವ ಪಕ್ಷದವರು ಕೈಮುಗಿದುಕೊಂಡು ನಿಮ್ಮ ಅಂಗಳಕ್ಕೆ ಬಂದರೂ ಕೂರಿಸಿ, ನೀರು ಕೊಡಿ. ಪಾಲಿಕೆಯ, ಜಿಲ್ಲಾ ಪಂಚಾಯತಿನ ಚುನಾವಣೆಯನ್ನು ಅವಧಿ ಮುಗಿಯುವುದರೊಳಗೆ ಮಾಡಿಸುತ್ತೀರಾ, ಹೌದಾ ಇಲ್ಲವಾ ಅಂತ ಕೇಳಿ. ಉತ್ತರ ಬರುವವರೆಗೆ ಅವರನ್ನು ಏಳಲು ಬಿಡಬೇಡಿ.

ನಮಸ್ಕಾರ.