ಮೊದಲ ಕಾರಾಗಿ ಹಳೇ ಥಾರ್ ಬೇಡ ಅಂದ್ರೆ ಬೇಡ

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು, ಅದು ಇರಲಿ. ಹೋದ ವಿಡಿಯೋ ಕೆಳಗೆ ಒಬ್ಬ ಹುಡುಗ ಕೇಳಿದ್ದಾನೆ: "ಅಣ್ಣಾ, 2014ರ ಮಹೀಂದ್ರಾ ಥಾರ್ ಜೀಪ್, 1 ಲಕ್ಷ 60 ಸಾವಿರ ಕಿಲೋಮೀಟರ್ ಓಡಿದೆ. ದೊಡ್ಡ ಟೈರ್ ಹಾಕ್ಸಿದ್ದಾರೆ. ನಾನು ಈಗಷ್ಟೇ ಡ್ರೈವಿಂಗ್ ಕಲಿತೆ, ಇದೇ ಮೊದಲ ಕಾರು. ತಗೊಳ್ಳಲಾ?" ಕೆಳಗೆ ಸಾಲು ಸಾಲು ಉತ್ತರ. "ಕಣ್ಣು ಮುಚ್ಕೊಂಡು ತಗೋ ಬ್ರೋ." ಓದಿ ಮೈ ಉರಿಯಿತು.

ಬೇಡ ತಮ್ಮಾ. ಥಾರ್ ಕೆಟ್ಟ ಗಾಡಿ ಅಂತಲ್ಲ. ಚೆನ್ನಾಗಿರುವ ಗಾಡಿ ಹೇಗೆ ಓಡುತ್ತದೆ ಅಂತ ನಿನಗಿನ್ನೂ ಗೊತ್ತಿಲ್ಲ. ಅದಕ್ಕೇ ಬೇಡ.

ನೋಡಲು ಹೋಗುತ್ತೀಯ. ಕ್ಲಚ್ ಬಿಟ್ಟ ಕೂಡಲೇ ಕೆಳಗಿಂದ 'ಟಣ್' ಅನ್ನುತ್ತದೆ. ಇಂಜಿನ್ ಶಕ್ತಿಯನ್ನು ಚಕ್ರದ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದ್ರೆ ಅದರ ಕೀಲು, ಸವೆದಿರಬಹುದು. ಮಾರುವವನು ಏನು ಹೇಳುತ್ತಾನೆ? "ಥಾರ್ ಅಂದ್ರೆ ಹಾಗೇ ಸರ್." ನೀನು ನಂಬುತ್ತೀಯ. ಮಾರುತಿಯ ಹಳೇ ಜೀಪ್ ಗಿಪ್ಸಿ ನೋಡಿದರೂ ಅದೇ ಕಥೆ. ಸ್ಪೀಡ್ ಏರಿದಂತೆ ಸ್ಟೀರಿಂಗ್ ಅದುರುತ್ತದೆ. ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನ ಬೇರಿಂಗ್, ಅಂದ್ರೆ ಕಿಂಗ್‌ಪಿನ್ ಬೇರಿಂಗ್, ಹೋಗಿದ್ದರೂ "ಗಿಪ್ಸಿ ಗುಣವೇ ಅದು" ಅನ್ನುತ್ತಾರೆ. ಸರಿಯಾದ ಗಾಡಿ ಓಡಿಸಿಯೇ ಇಲ್ಲದವನು ಯಾವುದಕ್ಕೆ ಹೋಲಿಸಿ ನೋಡಬೇಕು ಹೇಳಿ?

"ಹೈವೇ ಕಿಲೋಮೀಟರ್ ಅಣ್ಣಾ" ಅಂತಾರೆ. ಸರಿ, ಆದರೆ ಹೊಳೆ ದಾಟಿದ್ದು ಮೀಟರ್‌ನಲ್ಲಿ ಬರುತ್ತದಾ? ಎರಡು ಚಕ್ರಗಳ ನಡುವಿನ ಗೇರ್ ಡಬ್ಬಿ ಇದೆಯಲ್ಲ, ಡಿಫರೆನ್ಶಿಯಲ್, ಅದರ ಬೋಲ್ಟ್ ಬಿಚ್ಚಿದರೆ ಗೊತ್ತಾಗುತ್ತದೆ. ಒಳಗೆ ನೀರು ಹೋಗಿದ್ದರೆ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಬರುತ್ತದೆ. ಇನ್ನು ದೊಡ್ಡ ಟೈರ್. ಸುತ್ತಳತೆ 10% ಜಾಸ್ತಿಯಾದರೆ, ಮೀಟರ್‌ನಲ್ಲಿ 1 ಲಕ್ಷ ಏರುವಷ್ಟರಲ್ಲಿ ಗಾಡಿ ನಿಜಕ್ಕೂ 1 ಲಕ್ಷ 10 ಸಾವಿರ ಓಡಿರುತ್ತದೆ. ಇದನ್ನು ಯಾವ ಬ್ರೋ ಹೇಳಿದ?

ಇನ್ನೊಬ್ಬರು ಬರೆದಿದ್ದಾರೆ: "ಮಾಂದಲಪಟ್ಟಿಗೆ ಹಳೇ ಜೀಪೇ ಹತ್ತೋದು, ಕೊಡಚಾದ್ರಿಗೂ ಅದೇ." ಹೌದು ಸ್ವಾಮಿ! ಓಡಿಸುವವರು ಯಾರು? ದಿನಾ ಅದರಲ್ಲೇ ಕೂರುವವರು. ಒಂದು ಸದ್ದು ಬದಲಾದರೆ ಅವರಿಗೆ ಗೊತ್ತಾಗುತ್ತದೆ, ಸಂಜೆಗೇ ಬಿಚ್ಚಿ ನೋಡುತ್ತಾರೆ. "ಆರ್ಮಿಯವರು ಗಿಪ್ಸಿ ಇಟ್ಕೊಂಡಿದ್ರು" ಅನ್ನುವವರಿಗೂ ಅದೇ ಉತ್ತರ. ಆರ್ಮಿಗೆ ತನ್ನದೇ ವರ್ಕ್‌ಶಾಪ್ ಇದೆ. ನಿಮ್ಮ ಮನೆ ಹಿಂದೆ ಇದೆಯಾ?

ನಡುವೆ ಒಂದು ಮಾತು, ಚಾನಲ್ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿಬಿಡಿ. ಹುಡುಗರ ದುಡ್ಡು ಉಳಿಯಲಿ ಅಂತಲೇ ಇದನ್ನು ನಡೆಸುತ್ತಿದ್ದೇನೆ.

ಹಾಂ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಫೋರ್ ಬೈ ಫೋರ್ ಲಿವರ್. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಶಿಯಲ್ ಹಳೇ ಥಾರ್‌ನಲ್ಲಿ ಇಲ್ಲ. ಒಣ ಟಾರ್ ರಸ್ತೆಯಲ್ಲಿ ಫೋರ್ ಬೈ ಫೋರ್ ಹಾಕಿ ತಿರುಗಿಸಿದರೆ ಗೇರ್, ಶಾಫ್ಟ್ ಎಲ್ಲ ಬಿಗಿಯುತ್ತವೆ. ಹೊಸಬರು ಶೋಕಿಗೆ ಮಾಡುವುದೇ ಅದು. ಮೊದಲಿನ ಓನರ್ ಕೂಡ ಒಂದು ಕಾಲದಲ್ಲಿ ಹೊಸಬನೇ ಅಲ್ವಾ? 2014ರ ಥಾರ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. 2020ರಲ್ಲಿ ಬಂದ ಹೊಸ ಥಾರ್‌ಗೆ, ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ 4 ಸ್ಟಾರ್ ಕೊಟ್ಟಿದೆ. ಅದನ್ನು ತೋರಿಸಿ ಹಳೇದನ್ನು ಮಾರಬೇಡಿ, ಎರಡೂ ಬೇರೆ ಬೇರೆ ಗಾಡಿ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಹೊಸ ಕೈ, ಸವೆದ ಬ್ರೇಕ್, ಮೇಲೆ ಆ ದೊಡ್ಡ ಟೈರ್. ಅಮ್ಮ ಪಕ್ಕದಲ್ಲಿ ಕೂತಿರುತ್ತಾರೆ. ನನಗೆ ಇದೇ ಭಯ, ನಿಜವಾಗಿ ಹೇಳುತ್ತಿದ್ದೇನೆ.

"ಲೈಫ್ ಒಂದೇ ಅಣ್ಣಾ, ಆಸೆ ಪಡಬಾರದಾ?" ಪಡು ತಮ್ಮಾ! ನಾನೂ ಆ ಗಾಡಿಗಳನ್ನು ಪ್ರೀತಿಸುವವನೇ. ಆದರೆ ಮೊದಲು ಒಂದು ಆಲ್ಟೊ ತಗೋ, ವ್ಯಾಗನ್ ಆರ್ ತಗೋ. ಎರಡು ವರ್ಷ ಓಡಿಸು. ಕಿವಿ ಪಳಗಲಿ. ಆಮೇಲೆ ಹಳೇ ಥಾರ್ ಹತ್ತಿದರೆ ಹತ್ತು ನಿಮಿಷದಲ್ಲಿ ನೀನೇ ಹೇಳುತ್ತೀಯ, ಇದರಲ್ಲಿ ಏನೋ ಸರಿ ಇಲ್ಲ ಅಂತ. ಈಗ ಹೇಳಲು ಆಗುವುದಿಲ್ಲ. ಆಗುವುದೇ ಇಲ್ಲ. ಬೇಡ ಅಂದ್ರೆ ಬೇಡ, ಅಷ್ಟೇ.

ಮುಂದಿನ ವಾರ ಒಂದು ಹಳೇ ಗಿಪ್ಸಿ ಕೆಳಗೆ ಟಾರ್ಚ್ ಹಿಡಿದು ಮಲಗುತ್ತೇನೆ, ಚಾಸಿಯ, ಅಂದ್ರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿನ, ತುಕ್ಕು ಎಲ್ಲೆಲ್ಲಿ ನೋಡಬೇಕು ಅಂತ ತೋರಿಸುತ್ತೇನೆ. ಬೆಲ್ ಒತ್ತಿಡಿ. ಮತ್ತೆ ಆ ಹುಡುಗನಿಗೆ, ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ಮೆಸೇಜ್ ಹಾಕು, ಮಾತಾಡೋಣ.